ಮಹಾದೇವಪ್ಪನ ಪುಸ್ತಕದಲ್ಲಿ ಇಪ್ಪತ್ತೇಳು ಡಿಗ್ರಿ

ಮಹಾದೇವಪ್ಪ ಕಾಕಾನ ಪುಸ್ತಕವನ್ನು ನೀವೊಮ್ಮೆ ನೋಡಬೇಕು. ಕೆಂಪು ರಟ್ಟಿನ ಉದ್ದ ರಿಜಿಸ್ಟರು. ದಿನಕ್ಕೆ ಎರಡೇ ಸಾಲು. ಬೆಳಿಗ್ಗೆ ಎಂಟಕ್ಕೊಂದು, ಸಂಜೆ ಐದಕ್ಕೊಂದು. ತಾರೀಖು, ಗಂಟೆ, ಡಿಗ್ರಿ, ಎಲ್ಲವೂ ಕನ್ನಡ ಅಂಕಿಯಲ್ಲಿ. ಮೈನಸ್ ೭೯, ಮೈನಸ್ ೮೦, ಮೈನಸ್ ೮೦, ಮೈನಸ್ ೭೮... ಎರಡು ವರ್ಷದ ಪುಟ ತಿರುವಿದರೂ ಇಷ್ಟೇ. ಒಂದೇ ಒಂದು ಕಡೆ ಮಾತ್ರ ಮೈನಸ್ ಇಲ್ಲದ ೨೭ ಅಂತ ಇದೆ. ಆ ಅಂಕಿಯನ್ನು ಬರೆದದ್ದಕ್ಕೆ ಕಾಕಾನ ನೌಕರಿ ಹೋಗುವುದರಲ್ಲಿತ್ತು. ನನಗೆ ಕಾಕಾನ ಮೇಲೆ ಇಷ್ಟು ಅಭಿಮಾನ ಯಾಕೆ ಅಂತ ಕೇಳುವವರಿಗೆ ನಾನು ಆ ಪುಟವನ್ನೇ ತೋರಿಸುತ್ತೇನೆ.

ಆಳಂದ ರಸ್ತೆಯಲ್ಲಿ, ಕಡಗಂಚಿ ದಾಟಿ ಸ್ವಲ್ಪ ಮುಂದೆ ಬಂದರೆ ತೊಗರಿ ಹೊಲದ ನಡುವೆ ಒಂದು ಬಿಳಿ ಕಟ್ಟಡ ಕಾಣುತ್ತದೆ. ಒಂದು ಟ್ರಸ್ಟಿನವರು ನಡೆಸುವ ಸಣ್ಣ ಸಂಶೋಧನಾ ಕೇಂದ್ರ ಅದು. ನಾನು ಎಂಎಸ್ಸಿ ಪ್ರಾಜೆಕ್ಟಿಗೆಂದು ಆಳಂದದಿಂದ ದಿನಾ ಬಸ್ಸಿಗೆ ಹೋಗುತ್ತಿದ್ದೆ. ಕಾಕಾ ಅಲ್ಲಿ ಲ್ಯಾಬ್ ಅಟೆಂಡರ್. ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ಕಾಂಟ್ರ್ಯಾಕ್ಟ್ ಹೊಸದಾಗಬೇಕು.

ಕಾಕಾ ಹುಟ್ಟಿದ್ದು ಅಫಜಲಪುರ ತಾಲೂಕಿನಲ್ಲಿ, ಹವಳಗಾದ ಪಕ್ಕದ ಹಳ್ಳಿ. ಓದಿದ್ದು ಏಳನೇ ಇಯತ್ತೆ. ಹರೆಯದಲ್ಲಿ ಒಂದು ಬೆಲ್ಲದ ಗಾಣದಲ್ಲಿ ದುಡಿಯುವಾಗ ಜೊತೆಗಾರ ಹುಲೆಪ್ಪ ಗಾಣ ತೊಳೆಯುತ್ತಿದ್ದ, ಯಾರೋ ನೋಡದೆ ಮೋಟರ್ ಹಾಕಿದರು. ಹುಲೆಪ್ಪನ ಎರಡು ಬೆರಳು ಹೋದವು. ಅವತ್ತಿನಿಂದ ಕಾಕಾನದ್ದು ಒಂದು ನೇಮ. ತೊಳೆಯಲು, ಒರೆಸಲು ಮಷಿನ್ ಮುಟ್ಟುವ ಮುಂಚೆ ಬಂದ್ ಮಾಡಬೇಕು, ಬಂದ್ ಮಾಡಿದ ಮೇಲೆ ಸ್ವಿಚ್ ಪೆಟ್ಟಿಗೆಗೆ ಬೀಗ ಹಾಕಿ ಕೀಲಿ ತನ್ನ ಕಿಸೆಯಲ್ಲೇ ಇಟ್ಟುಕೊಳ್ಳಬೇಕು. ಆಮೇಲೆ ಇಪ್ಪತ್ತೆರಡು ವರ್ಷ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲಿನ ಉಷ್ಣಾಂಶ ಬರೆಯುವ ಕೆಲಸ. ತಾಸಿಗೊಮ್ಮೆ ಥರ್ಮಾಮೀಟರ್ ನೋಡುವುದು, ಬರೆಯುವುದು. ಖಂಡೇಪೂಜೆ, ಅಂದರೆ ಆಯುಧಪೂಜೆ, ಬರುವುದು ಕಬ್ಬು ಅರೆಯುವ ಹಂಗಾಮು ಸುರುವಾಗುವ ಮುಂಚೆ, ಆಗ ಹೇಗೂ ಎಲ್ಲ ಯಂತ್ರಗಳೂ ನಿಂತಿರುತ್ತವೆ. ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆದು, ಮರುದಿನ ಬನ್ನಿ ಕೊಟ್ಟು ತಗೊಂಡ ಮೇಲೆಯೇ ಅವನ್ನು ಮುಟ್ಟುವುದು. ಹೀಗಾಗಿ ಕಾಕಾನ ತಲೆಯಲ್ಲಿ ಪೂಜೆ ಅಂದರೆ ಮಷಿನ್ ನಿಂತಿರಬೇಕು ಅಂತಲೇ ಕೂತಿತ್ತು.

ಕಾರ್ಖಾನೆಗೆ ಕಂಪ್ಯೂಟರ್ ಮೀಟರು ಬಂದು ಕೆಲಸ ಮುಗಿದಾಗ ಕಾಕಾ ಇಲ್ಲಿಗೆ ಬಂದ. ಕೇಂದ್ರದ ಮುಖ್ಯಸ್ಥೆ ಅನುರಾಧಾ ಮೇಡಂ ಸಂದರ್ಶನದಲ್ಲಿ ಮೂರು ಥರ್ಮಾಮೀಟರ್ ಒಂದೇ ಬೋಗುಣಿ ನೀರಿನಲ್ಲಿ ಇಟ್ಟು, "ಓದ್ರಿ" ಅಂದರಂತೆ.

ಕಾಕಾ ಮೂರನ್ನೂ ಬಗ್ಗಿ ನೋಡಿದ. "ಮೂವತ್ತೆರಡು, ಮೂವತ್ತೆರಡು ರಿ. ಈ ಮೂರನೇದು ಸುಳ್ಳ ಹೇಳಾಕತ್ತದ. ಇದನ್ನ ತೆಗದು ಒಗೀರಿ."

ಕೆಲಸ ಸಿಕ್ಕಿತು.

ಇನ್ನು ಲ್ಯಾಬಿನಲ್ಲಿ ನಡೆಯುತ್ತಿದ್ದ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು, ಹೆದರಬೇಡಿ. ನಾವು ಉಂಡು ಬಹಳ ಹೊತ್ತಾದ ಮೇಲೆ ದೇಹ ತನ್ನ ಕೊಬ್ಬನ್ನು ಒಡೆದು ಶಕ್ತಿ ಮಾಡಿಕೊಳ್ಳುತ್ತದೆ. ಆ ಕೆಲಸ ನಡೆಯುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯಾ ಅನ್ನುವ ಪುಟ್ಟ ಒಲೆಗಳಲ್ಲಿ. ಕೊಬ್ಬಿನ ಉದ್ದ ಸರಪಳಿಯನ್ನು ತುಂಡು ತುಂಡಾಗಿಸಲು ಸಾಲಾಗಿ ಕಿಣ್ವಗಳು ಬೇಕು. ಅವುಗಳಲ್ಲಿ ಮಧ್ಯಮ ಉದ್ದದ ಸರಪಳಿಗೆ ಮೊದಲು ಕೈಹಾಕುವ ಕಿಣ್ವದ ಹೆಸರು ಮೀಡಿಯಂ ಚೈನ್ ಅಸೈಲ್ ಕೋಎ ಡಿಹೈಡ್ರೋಜಿನೇಸ್. ಲ್ಯಾಬಿನಲ್ಲಿ ಎಲ್ಲರೂ ಎಂಕ್ಯಾಡ್ ಅನ್ನುತ್ತಿದ್ದೆವು. ಮನುಷ್ಯನ ಆ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿದರೆ ಬ್ಯಾಕ್ಟೀರಿಯಾ ನಮಗಾಗಿ ಕಿಣ್ವ ಮಾಡಿಕೊಡುತ್ತದೆ. ಶುದ್ಧ ಮಾಡಿದ ಎಂಕ್ಯಾಡ್ ಹಳದಿ ಇರುತ್ತದೆ. ಬಿ ಎರಡು ಜೀವಸತ್ವದಿಂದಾದ ಒಂದು ತುಣುಕು ಅದರ ಹೊಟ್ಟೆಯಲ್ಲಿ ಕೂತಿರುವುದರಿಂದ ಆ ಬಣ್ಣ.

ಇದನ್ನು ಮಾಡುತ್ತಿದ್ದವಳು ಸಪ್ನಾ ಅಕ್ಕ, ಜೇವರ್ಗಿಯವಳು, ಪಿಎಚ್‌ಡಿ ಮಾಡುತ್ತಿದ್ದಳು. ಅವಳ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲು. ಒಂದು ಆಸ್ಪತ್ರೆಯಿಂದ ಪ್ರಶ್ನೆ ಬಂದಿತ್ತು: ಒಂದು ಮಗುವಿನ ಎಂಕ್ಯಾಡ್ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ, ಅದರಿಂದ ಕಿಣ್ವ ಕೆಡುತ್ತದೋ ಇಲ್ಲವೋ? ಅದಕ್ಕೆ ಅಕ್ಕ ಎರಡೂ ಬಗೆ ಮಾಡಿದಳು. ಸರಿಯಾದದ್ದಕ್ಕೆ ನೀಲಿ ಮುಚ್ಚಳ, ಬದಲಾದದ್ದಕ್ಕೆ ಕೆಂಪು ಮುಚ್ಚಳ, ಆರಾರು ನಳಿಗೆ. ಎಂಟು ತಿಂಗಳ ದುಡಿಮೆ. ಎಲ್ಲವನ್ನೂ ಮೈನಸ್ ಎಂಬತ್ತರ ಡೀಪ್ ಫ್ರೀಜರಿನಲ್ಲಿ ಇಟ್ಟಳು. ಕಾಕಾನ ಪುಸ್ತಕ ಅದೇ ಫ್ರೀಜರಿನದು.

"ಇದು ಏನ್ ಮಾಡ್ತದವ್ವಾ, ಈ ಹಳದಿ?" ಅಂತ ಕಾಕಾ ಒಮ್ಮೆ ಕೇಳಿದ್ದ.

"ಕೊಬ್ಬು ಕಡೀತದ ಕಾಕಾ. ಉದ್ದಂದು ಇರ್ತದಲಾ, ಅದನ್ನ ತುಂಡು ತುಂಡು ಮಾಡಾಕ ಬೇಕು."

"ಕಬ್ಬು ಗಣಿಕಿ ಗಣಿಕಿಗಿ ಕಡದಂಗ?"

"ಹಾಂ, ಹಂಗೇ. ಉದ್ದನ ಕಬ್ಬಿಗಿ ಒಬ್ಬಾಂವ, ನಡಬರಕ ಕಬ್ಬಿಗಿ ಇಂವ, ಮೋಟ ಕಬ್ಬಿಗಿ ಇನ್ನೊಬ್ಬಾಂವ."

"ಮತ್ತ ಇಂವ ರಜಾ ಹಾಕಿದ್ರ?"

"ಉಂಡು ಕುಂತಿದ್ರ ಏನೂ ಆಗಲ್ಲ. ಕೂಸು ಜ್ವರ ಬಂದು ಉಣಲಾರದೆ ಮಲಗ್ತದಲಾ, ಆವಾಗ ಒಲಿ ಆರ್ತದ ನೋಡು."

ಕಾಕಾ ಆವತ್ತಿನಿಂದ ಆ ಫ್ರೀಜರಿನ ಬಾಗಿಲನ್ನು ಸದ್ದಾಗದಂತೆ ಹಾಕತೊಡಗಿದ.

ಹೋದ ವರ್ಷದ ದಸರೆ. ಅಷ್ಟಮಿಯ ದಿನ ಮಧ್ಯಾಹ್ನ ಸಪ್ನಾ ಅಕ್ಕ ನಾಗಪುರಕ್ಕೆ ಹೊರಟಳು. ಅವರು ಬೌದ್ಧರು, ದಶಮಿಗೆ ಮನೆಯವರೆಲ್ಲ ಅಲ್ಲಿನ ದೀಕ್ಷಾಭೂಮಿಗೆ ಹೋಗುವುದು ಪ್ರತಿ ವರ್ಷದ ರೂಢಿ. ಬ್ಯಾಗು ಹೆಗಲಿಗೇರಿಸಿಕೊಂಡು ಕಾಕಾನ ಮುಂದೆ ನಿಂತಳು.

"ಕಾಕಾ, ನಾಳೆ ನಿಂದು ಖಂಡೇಪೂಜಾ. ಮಾಡು, ಬ್ಯಾಡ ಅನ್ನಲ್ಲ. ನನ್ನ ಪಾಲಿನ ಚುರುಮುರಿ ತೆಗದಿಡು."

"ಪೂಜಾ ಬ್ಯಾಡ, ಚುರುಮುರಿ ಬೇಕು. ಏನ್ ಹುಡುಗಿಬೇ ನೀನು!"

"ಚುರುಮುರಿಗಿ ಯಾವ ಧರ್ಮನೂ ಇಲ್ಲ ಕಾಕಾ. ಕೇಳು, ನನ್ನ ಫ್ರೀಜರ್ ಬಾಗಲಾ ಮಾತ್ರ ತೆಗೀಬ್ಯಾಡ."

"ತೆಗ್ಯಾಂಗಿಲ್ಲ. ಭಾಗ್ಯವಂತಿ ಆಣಿ."

ಮಾತಿಗೆ ತಪ್ಪಲಿಲ್ಲ, ಕಾಕಾ ಬಾಗಿಲು ತೆಗೆಯಲಿಲ್ಲ. ನವಮಿಯ ದಿನ ಆಫೀಸು ಸೂಪರಿಂಟೆಂಡೆಂಟ್ ಕಲ್ಯಾಣಕುಮಾರ ಸಾಹೇಬರು ಕಾಯಿ, ಹೂವು ತರಿಸಿದರು. ನಾವು ನಾಲ್ಕೈದು ಮಂದಿ ಹುಡುಗರು ಲ್ಯಾಬ್ ಗುಡಿಸಿ ರಂಗೋಲಿ ಹಾಕಿದೆವು. ಕಾಕಾ ಒಂದೊಂದೇ ಯಂತ್ರ ಬಂದ್ ಮಾಡುತ್ತ, ಒದ್ದೆ ಅರಿವೆಯಿಂದ ಒರೆಸುತ್ತ, ವಿಭೂತಿ ಕುಂಕುಮ ಹಚ್ಚುತ್ತ ಹೋದ. ಮಂಗಳಾರತಿ ಆಯಿತು, ಚುರುಮುರಿ ಹಂಚಿದರು. ಫ್ರೀಜರ್ ಕೂಡ ಬಂದ್ ಆಗಿದೆ ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅದರ ಗುಂಯ್ ಸದ್ದು ಇರಲಿಲ್ಲ, ಅದು ಗಮನಕ್ಕೂ ಬರಲಿಲ್ಲ. ನಾನೂ ಅಲ್ಲೇ ಚುರುಮುರಿ ತಿನ್ನುತ್ತ ನಿಂತಿದ್ದೆ, ಅದನ್ನೂ ಹೇಳಿಬಿಡಬೇಕು.

ಫ್ರೀಜರ್ ಬಂದ್ ಮಾಡಲು ಕಾಕಾನಿಗೆ ಧೈರ್ಯ ಬಂದದ್ದಕ್ಕೆ ಒಂದು ಕಾರಣವಿತ್ತು. ರಿಪೇರಿಗೆ ಬಂದಿದ್ದ ಕಂಪನಿಯವನು, "ಬಾಗಿಲು ತೆಗೀದಿದ್ರೆ ಕರೆಂಟ್ ಇಲ್ಲದೇನೂ ಒಂದು ದಿನ ಹಿಮ ತಡೀತದೆ" ಅಂದಿದ್ದ. ಮರುದಿನ ದಶಮಿ ಬೆಳಿಗ್ಗೆ ಬಂದು ತಾನೇ ಚಾಲೂ ಮಾಡುವುದು ಕಾಕಾನ ಲೆಕ್ಕ. ಪುಸ್ತಕದಲ್ಲಿ ಬರೆದ: "ನವಮಿ. ೧೨.೪೦. ಮಷಿನ್ ಬಂದ್. ಪೂಜಾ." ಸ್ವಿಚ್ ಪೆಟ್ಟಿಗೆಗೆ ಬೀಗ. ಕೀಲಿ ಕಿಸೆಗೆ.

ಸಂಜೆ ಹೆಂಡತಿ ಗಂಗುಬಾಯಿ ಜೊತೆ ಘತ್ತರಗಿಗೆ ಹೋಗಿ ಭಾಗ್ಯವಂತಿ ದೇವಿಗೆ ಕೈಮುಗಿದು, ಸೇತುವೆ ದಾಟಿ ಆಚೆ ದಂಡೆಯ ಅವಳ ತವರಿನಲ್ಲಿ ಉಳಿದ. ಬೆಳಿಗ್ಗೆ ಎದ್ದು ನೋಡಿದರೆ ಭೀಮಾ ನದಿ ಸೇತುವೆಯ ಮೇಲೆ ಹರಿಯುತ್ತಿತ್ತು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಪೊಲೀಸರು ಹಗ್ಗ ಕಟ್ಟಿ ನಿಂತಿದ್ದರು.

ಜೇವರ್ಗಿಯ ಮೇಲೆ ಸುತ್ತು ಹೊಡೆದು ಹೋಗಬಹುದಿತ್ತು. ಹೋಗಲಿಲ್ಲ. ಇದನ್ನು ಕಾಕಾ ನನಗೆ ಮುಚ್ಚುಮರೆ ಇಲ್ಲದೆ ಹೇಳಿದ.

"ಹೆಂಡ್ತಿ ಅಣ್ಣ ಹೋಳಿಗಿ ಮಾಡಿಸ್ಯಾನ. ಹಬ್ಬದಾಗ ಬಸ್ಸಿಲ್ಲ. ಒಂದು ದಿನ ತಡದದ್ದು ಎರಡು ದಿನ ತಡೀಲಾರದೇನು ಅಂದೆ."

"ಫೋನ್ ಮಾಡಬೇಕಿತ್ತಲ್ಲ ಕಾಕಾ. ವಾಚ್‌ಮನ್ ಬೀಗ ಒಡೀತಿದ್ದ."

"ಸಪ್ನಾಗ ಎರಡು ಸಲ ಮಾಡ್ದೆ. ನಾಗಪುರದ ಗದ್ದಲದಾಗ ಎತ್ತಲಿಲ್ಲ. ವಾಚ್‌ಮನ್‌ಗ ಮಾಡಿದ್ರ ಊರಿಗೆಲ್ಲ ಗೊತ್ತಾಗ್ತದ. ಅಂಜಿದೆ. ಅದು ನನ್ನ ಗಲತಿ. ಬಂದ್ ಮಾಡಿದ್ದಕ್ಕಿಂತ ಅದೇ ದೊಡ್ಡ ಗಲತಿ."

ಏಕಾದಶಿಯ ನಸುಕಿನಲ್ಲೇ ಮೊದಲ ಬಸ್ಸಿಗೆ ಜೇವರ್ಗಿ, ಅಲ್ಲಿಂದ ಕಲಬುರಗಿ, ಅಲ್ಲಿಂದ ಸಿಕ್ಕ ಟಂಟಂ ಆಟೋದಲ್ಲಿ ಲ್ಯಾಬು. ಫ್ರೀಜರಿನ ಬಾಗಿಲಿಗೆ ಬ್ಯಾಟರಿಯ ಮೇಲೆ ನಡೆಯುವ ಇನ್ನೊಂದು ಥರ್ಮಾಮೀಟರ್ ನೇತುಹಾಕಿದ್ದರು, ಅದರ ಕಡ್ಡಿ ಒಳಗಿನ ಉಷ್ಣಾಂಶ ತೋರಿಸುತ್ತದೆ. ಕಾಕಾ ಮೊದಲು ಅದನ್ನು ನೋಡಿದ. ಇಪ್ಪತ್ತೇಳು. ಕೆಳಗೆ ನೆಲದ ಮೇಲೆ ನೀರು. ಆಮೇಲೆ ಬೀಗ ತೆಗೆದು ಚಾಲೂ ಮಾಡಿದ. ನಲವತ್ತೆಂಟು ತಾಸಿಗೆ ನಾಲ್ಕೂವರೆ ತಾಸು ಕಡಿಮೆ.

ಪುಸ್ತಕ ತೆಗೆದಾಗ ಕಲ್ಯಾಣಕುಮಾರ ಸಾಹೇಬರು ಬಂದರು. ನೆಲದ ಮೇಲಿನ ನೀರು ನೋಡಿದರು, ಕಾಕಾನ ಮುಖ ನೋಡಿದರು, ಎಲ್ಲ ತಿಳಿಯಿತು. ಕೆಟ್ಟ ಮನುಷ್ಯರಲ್ಲ ಅವರು. ಪೂಜೆಗೆ ಪರವಾನಗಿ ಕೊಟ್ಟವರು ಅವರೇ ಆದ್ದರಿಂದ ಹೆದರಿದ್ದರು.

"ಮಹಾದೇವಪ್ಪ, ನೀರು ಒರಸು. ಸಂಜಿಗಿ ಮತ್ತ ಮೈನಸ್ ಎಪ್ಪತ್ತಕ್ಕ ಬರ್ತದ. ಒಳಗಿಂದೆಲ್ಲ ಕಲ್ಲಾಗಿ ಕುಂದರ್ತದ. ಯಾರಿಗ್ ಗೊತ್ತಾಗ್ತದ?"

"ಪುಸ್ತಕದಾಗ ಏನ್ ಬರೀಲ್ರಿ?"

"ದಿನಾ ಏನ್ ಬರೀತಿ? ಅದೇ ಬರಿ. ಮೈನಸ್ ಎಂಬತ್ತು, ಎಪ್ಪತ್ತೊಂಬತ್ತು. ಆ 'ಬಂದ್' ಅನ್ನೋ ಸಾಲಿನ ಪುಟ ಹರದು ಹೊಸಾದು ಅಂಟಸು. ಮುಂದಿನ ತಿಂಗಳ ನಿನ್ನ ಕಾಂಟ್ರ್ಯಾಕ್ಟ್ ಅದಲೇ, ಯೋಚನಿ ಮಾಡು."

ಕಾಕಾ ಪೆನ್ನಿನ ಮುಚ್ಚಳ ತೆಗೆದು ನವಮಿಯ ಸಾಲಿದ್ದ ಪುಟ ತೆರೆದ. ಐವತ್ನಾಲ್ಕು ವಯಸ್ಸು. ಇಲ್ಲಿಂದ ಹೋದರೆ ಥರ್ಮಾಮೀಟರ್ ಓದುವ ಕೆಲಸಕ್ಕೆ ಇನ್ಯಾರೂ ಕರೆಯುವುದಿಲ್ಲ ಅಂತ ಅವನಿಗೆ ಗೊತ್ತಿತ್ತು.

"ಸಾಹೇಬ್ರ, ಒಂದು ಮಾತ್ ಹೇಳ್ತೇನಿ. ಒಳಗ ಹಳದಿ ಕೆಟ್ಟದೋ ಇಲ್ಲೋ ನನಗ ಗೊತ್ತಿಲ್ಲ. ಕೆಟ್ಟಿದ್ರ, ಆ ಹುಡುಗಿ ನಾಳೆ ತೆಗದು ನೋಡ್ತಾಳ. ನನ್ನ ಪುಸ್ತಕಾ ನೋಡ್ತಾಳ. ಮೈನಸ್ ಎಂಬತ್ತು ಅದ. ಅಂದ್ರ ಹಿಮದಾಗೇ ಕೆಟ್ಟದ, ತಾನೇ ಏನೋ ತಪ್ಪು ಮಾಡೇನಿ ಅಂತ ತಿಳೀತಾಳ. ಇಲ್ಲದ ಗಲತಿ ವರ್ಷಗಟ್ಲೆ ಹುಡಕ್ತಾಳ್ರಿ."

"ನಿನಗ್ಯಾಕ ಬೇಕಲೇ ಅದು?"

"ಪುಸ್ತಕಾ ನಂದದಲ್ರಿ."

ಬರೆದ: "ಏಕಾದಶಿ. ೮.೧೦. ೨೭. ಮಷಿನ್ ಚಾಲೂ. ನಡುವ ನೋಡಿಲ್ಲ." ಕೆಳಗೆ ಸಹಿ.

ಮಧ್ಯಾಹ್ನ ಸಪ್ನಾ ಅಕ್ಕ ಬಂದಳು. ಕಾಕಾ ಅವಳ ಕೈಗೆ ಚುರುಮುರಿಯ ಪೊಟ್ಟಣ ಕೊಡಲಿಲ್ಲ, ಪುಸ್ತಕ ಕೊಟ್ಟ. ಅವಳು ಓದಿದಳು. ಇನ್ನೊಮ್ಮೆ ಓದಿದಳು.

"ಬಾಗಲಾ ತೆಗೀಬ್ಯಾಡ ಅಂದಿದ್ದೆ."

"ತೆಗೀಲಿಲ್ಲವ್ವಾ."

"ಹೌದು ನೋಡು, ತೆಗೀಲಿಲ್ಲ! ಎಂಟು ತಿಂಗಳ ಕಾಕಾ. ಎಂಟು ತಿಂಗಳ!"

ಪುಸ್ತಕವನ್ನು ಟೇಬಲ್ಲಿನ ಮೇಲೆ ಒಗೆದು ಹೊರಗೆ ಹೋದಳು. ಮುಂದಿನ ಐದು ದಿನ ಕಾಕಾನ ಜೊತೆ ಮಾತಿಲ್ಲ. ಎದುರಿಗೆ ಬಂದರೆ ಬೇರೆ ಬಾಗಿಲಿಂದ ಹೋಗುತ್ತಿದ್ದಳು.

ಅನುರಾಧಾ ಮೇಡಂ ವಿಚಾರಣೆ ಎರಡೇ ನಿಮಿಷದಲ್ಲಿ ಮುಗಿಸಿದರು. ಕಾಕಾನಿಂದ ಲ್ಯಾಬಿನ ಕೀಲಿಗಳನ್ನೆಲ್ಲ ತೆಗೆದುಕೊಂಡರು. "ನವೆಂಬರ್‌ವರೆಗೆ ನೀರಿನ ಟಾಕಿ ನೋಡಿಕೊಳ್ಳಿ. ನುಕ್ಸಾನ್ ಆದದ್ದು ಸಪ್ನಾಂದು. ಅವಳು ಏನು ಬರೆದುಕೊಡ್ತಾಳೋ ಅದರ ಮೇಲೆ ನಿಮ್ಮ ಕಾಂಟ್ರ್ಯಾಕ್ಟ್" ಅಂದರು.

ಕಾಕಾ ಟಾಕಿಯ ಹತ್ತಿರ ಹೋದ. ಅಲ್ಲೂ ಒಂದು ನೋಟ್‌ಬುಕ್ ಹಿಡಿದು ದಿನಕ್ಕೆರಡು ಸಲ ನೀರಿನ ಮಟ್ಟ ಬರೆಯತೊಡಗಿದ. ಯಾರೂ ಹೇಳಿರಲಿಲ್ಲ.

ಸಪ್ನಾ ಅಕ್ಕ ಬರೆದುಕೊಡಲು ಕೂತಳು. ಎಷ್ಟು ನಳಿಗೆ ಹಾಳಾಗಿವೆ ಅಂತ ನಿಖರವಾಗಿ ಬರೆಯಬೇಕಲ್ಲ, ಅದಕ್ಕೆ ಆರನೇ ದಿನ ಹನ್ನೆರಡನ್ನೂ ಹೊರಗೆ ತೆಗೆದು ಬರ್ಫಿನ ಮೇಲೆ ಕರಗಲು ಇಟ್ಟಳು. ನಾನು ಅಲ್ಲೇ ಪಕ್ಕದ ಮೇಜಿನಲ್ಲಿದ್ದೆ. ಕರಗುತ್ತ ಬಂದ ಹಾಗೆ ಅವಳು ಒಂದೊಂದೇ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನೀಲಿ ಮುಚ್ಚಳದವು ಆರೂ ತಿಳಿ ಹಳದಿ, ಎಳ್ಳೆಣ್ಣೆಯ ಹಾಗೆ. ಕೆಂಪು ಮುಚ್ಚಳದವು ಆರೂ ಒಡೆದ ಹಾಲು, ತಳದಲ್ಲಿ ಬಿಳಿ ಗಸಿ.

ಅವಳು ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಹನ್ನೆರಡೂ ನಳಿಗೆಯ ಕಿಣ್ವ ಇನ್ನೂ ಕೆಲಸ ಮಾಡುತ್ತದೋ ಅಂತ ಪರೀಕ್ಷೆ ಮಾಡಿದಳು. ನೀಲಿಯದು ಮುಕ್ಕಾಲು ಪಾಲು ಕೆಲಸ ಮಾಡುತ್ತಿತ್ತು. ಕೆಂಪಿನದು ಸೊನ್ನೆ.

ಆಮೇಲೆ ಎದ್ದು ಸೀದಾ ನೀರಿನ ಟಾಕಿಯ ಕಡೆ ನಡೆದಳು. ನಾನೂ ಹಿಂದೆ ಹೋದೆ.

"ಕಾಕಾ, ಆ ಇಪ್ಪತ್ತೇಳು ನೀ ಕಣ್ಣಾರೆ ನೋಡಿದ್ದು ಖರೆ ಏನು?"

ಕಾಕಾ ಎದ್ದು ನಿಂತ. "ಖರೆ ಅವ್ವಾ. ಎರಡು ಸಲ ನೋಡಿ ಬರದೇನಿ."

"ಬಂದ್ ಮಾಡಿದ್ದು ಹನ್ನೆರಡು ನಲವತ್ತು? ಅಂದಾಜಿಲೆ ಬರದಿಲ್ಲಲಾ?"

"ಗೋಡಿ ಗಡಿಯಾರ ನೋಡಿ. ಅದು ಮೂರು ನಿಮಿಷ ಮುಂದ ಅದ, ಅದನ್ನ ಕಳದು."

ಅಕ್ಕ ಟಾಕಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. "ಎರಡೂ ಒಂದೇ ಪೆಟ್ಟಿಗ್ಯಾಗ, ಒಂದೇ ಬಿಸಿಗಿ, ಅಷ್ಟೇ ತಾಸು ಇದ್ದವು. ಒಂದು ಉಳದದ, ಒಂದು ಒಡದದ. ಬದಲಾದದ್ದು ಸೆಕಿ ತಡ್ಯಾಂಗಿಲ್ಲ ಕಾಕಾ. ಹಿಮದಾಗ ಇಟ್ಟು ಇಟ್ಟು ನೋಡ್ತಿದ್ದೆ, ಹಿಮದಾಗ ಎರಡೂ ಒಂದೇ ನಮೂನಿ ಕಾಣ್ತಿದ್ದವು."

"ಹಂಗಾರ ನಾ ಒಳ್ಳೇದೇ ಮಾಡೇನಿ ಅನ್ನು!"

"ಏಯ್, ಬಾಯಿ ಮುಚ್ಚು. ಏನ್ ಒಳ್ಳೇದು ಮಾಡಿ? ಇದು ಲೆಕ್ಕಕ್ಕಿಲ್ಲ. ನಡುವ ಎಷ್ಟು ತಾಸಿಗಿ ಎಷ್ಟು ಬಿಸಿ ಆಗಿತ್ತು ಯಾರಿಗ್ ಗೊತ್ತು? ಎಲ್ಲಾ ಮತ್ತ ಮೊದಲಿಂದ ಮಾಡಬೇಕು ನಾನು. ನೀ ಸುಳ್ಳ ಬರದಿದ್ರ, ಕೆಂಪಿಂದು ಹಿಮದಾಗೇ ಒಡೀತದ ಅಂತ ನಾ ಥೀಸಿಸ್‌ನಾಗ ಬರದಿರ್ತಿದ್ದೆ. ಅಷ್ಟೇ."

"ಚುರುಮುರಿ ಇನ್ನೂ ಇಟ್ಟೇನಿ," ಅಂದ ಕಾಕಾ. "ಮೆತ್ತಗಾಗ್ಯಾವ."

"ಕೊಡು ಇತ್ತ."

ಅವಳು ಮೇಡಂಗೆ ಬರೆದುಕೊಟ್ಟದ್ದು ಮೂರೇ ಸಾಲು. ಅದರ ನಕಲು ನನ್ನ ಹತ್ತಿರ ಇದೆ. "ಮಹಾದೇವಪ್ಪ ಅವರು ಫ್ರೀಜರ್ ಬಂದ್ ಮಾಡಿದ್ದರಿಂದ ಎಂಟು ತಿಂಗಳ ಮಾಲು ಹಾಳಾಗಿದೆ. ಬಂದ್ ಮಾಡಿದ ಗಂಟೆ, ಚಾಲೂ ಮಾಡಿದ ಗಂಟೆ, ಆಗಿನ ಡಿಗ್ರಿ ಮೂರನ್ನೂ ಅವರು ಸರಿಯಾಗಿ ದಾಖಲಿಸಿದ್ದಾರೆ. ಮುಂದಿನ ಪ್ರಯೋಗ ಉಷ್ಣಾಂಶದ ಮೇಲೆಯೇ ಇರುವುದರಿಂದ ಅದನ್ನು ಬರೆಯಲು ಅವರೇ ಬೇಕು."

ನವೆಂಬರಿನಲ್ಲಿ ಕಾಂಟ್ರ್ಯಾಕ್ಟ್ ಹೊಸದಾಯಿತು. ಪೂರ್ತಿ ಒಂದು ವರ್ಷಕ್ಕಲ್ಲ, ಆರು ತಿಂಗಳಿಗೆ. ಮೇಡಂ ಅಷ್ಟು ಸುಲಭಕ್ಕೆ ಬಿಡುವವರಲ್ಲ. ಫ್ರೀಜರಿನ ಸ್ವಿಚ್ ಪೆಟ್ಟಿಗೆಯ ಕೀಲಿ ಮಾತ್ರ ವಾಪಸ್ ಕೊಡಲಿಲ್ಲ, ಈಗಲೂ ಅವರ ಡ್ರಾವರಿನಲ್ಲೇ ಇದೆ.

ಎರಡೂ ಬಗೆಯ ಎಂಕ್ಯಾಡ್ ಮತ್ತೆ ತಯಾರಾಗಲು ಫೆಬ್ರವರಿ ಬಂತು. ಎರಡನೇ ಸಲ ಕೈ ಪಳಗಿದ್ದರಿಂದ ನಾಲ್ಕೇ ತಿಂಗಳಿಗೆ ಮುಗಿಯಿತು. ಈ ಸಲ ಬೇಕೆಂದೇ ಬಿಸಿ ಮಾಡಿದರು. ನೀರಿನ ತೊಟ್ಟಿ ಮೂರು: ಇಪ್ಪತ್ತೈದು ಡಿಗ್ರಿ, ಮೂವತ್ತೇಳು, ನಲವತ್ತು. ಹತ್ತು ನಿಮಿಷಕ್ಕೊಮ್ಮೆ ಥರ್ಮಾಮೀಟರ್ ಓದಿ ಬರೆಯುವವನು ಕಾಕಾ. ನೀಲಿ ಮೂರರಲ್ಲೂ ತಡೆಯಿತು. ಕೆಂಪು ಇಪ್ಪತ್ತೈದರಲ್ಲಿ ಹೇಗೋ ಹೆಣಗಿತು, ಮೂವತ್ತೇಳರಲ್ಲಿ ಮೆಲ್ಲಗೆ ಸೋತಿತು, ನಲವತ್ತರಲ್ಲಿ, ಅಂದರೆ ಮಗುವಿಗೆ ಜೋರು ಜ್ವರ ಬಂದಾಗಿನ ಬಿಸಿಯಲ್ಲಿ, ಅರ್ಧ ತಾಸಿನೊಳಗೆ ಒಡೆಯಿತು. ಮೂರು ಸಲ ಮಾಡಿದರು, ಮೂರು ಸಲವೂ ಹಾಗೇ. ವರದಿ ಆಸ್ಪತ್ರೆಗೆ ಹೋಯಿತು. ಮಗುವನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವುದು ಅಲ್ಲಿನ ಡಾಕ್ಟರ ಕೆಲಸ. ಆ ಮಗು ಯಾರದು ಅಂತ ನಮಗ್ಯಾರಿಗೂ ಗೊತ್ತಿಲ್ಲ, ಗೊತ್ತಾಗಬಾರದು ಕೂಡ. ಕಾಕಾ ಮಾತ್ರ ಆಗಾಗ ಕೇಳುತ್ತಾನೆ: "ಕೂಸು ಉಣ್ಣಾಕತ್ತದಂತೇನವ್ವಾ?"

ಮೇ ತಿಂಗಳಲ್ಲಿ ಕಾಂಟ್ರ್ಯಾಕ್ಟ್ ಮತ್ತೆ ಬಂತು. ಈ ಸಲ ಪೂರ್ತಿ ವರ್ಷಕ್ಕೆ.

ಈ ವರ್ಷದ ಖಂಡೇಪೂಜೆಗೆ ನಾನು ಬೇಕಂತಲೇ ಹೋಗಿದ್ದೆ. ಕಾಕಾ ಉಳಿದ ಯಂತ್ರಗಳನ್ನೆಲ್ಲ ರೂಢಿಯಂತೆ ಬಂದ್ ಮಾಡಿ ಒರೆಸಿದ. ಫ್ರೀಜರಿನ ಮುಂದೆ ಬಂದು ನಿಂತ. ಅದು ಗುಂಯ್ ಅನ್ನುತ್ತಿತ್ತು. ನಡೆಯುವ ಮಷಿನಿಗೆ ಒರೆಸಲೆಂದಾಗಲಿ ಪೂಜೆಗೆಂದಾಗಲಿ ಕೈ ಹಚ್ಚಿದವನಲ್ಲ ಕಾಕಾ, ಹುಲೆಪ್ಪನ ಬೆರಳು ಹೋದ ದಿನದಿಂದ. ಕುಂಕುಮದ ಬಟ್ಟಲು ಹಿಡಿದ ಕೈ ಸ್ವಲ್ಪ ಹಿಂದಕ್ಕೆ ಹೋಯಿತು. ಆಮೇಲೆ ಒಂದು ಬೆರಳು ಮುಂದೆ ಮಾಡಿ, ಬಿಸಿ ಹಂಚು ಮುಟ್ಟುವವನ ಹಾಗೆ, ಬಾಗಿಲಿನ ಮೂಲೆಗೆ ಒಂದು ಬೊಟ್ಟು ಇಟ್ಟು ತಟ್ಟನೆ ಕೈ ತೆಗೆದ.

ಸಪ್ನಾ ಅಕ್ಕ ನಾಗಪುರದ ರೈಲಿನಿಂದ ಫೋನ್ ಮಾಡಿದ್ದಳು, ಸ್ಪೀಕರಿನಲ್ಲಿತ್ತು. "ಕಾಕಾ, ಎಷ್ಟದ?"

"ತಡೀಬೇ, ಬರೀತೇನಿ."

ಪುಸ್ತಕ ತೆಗೆದು ಗೋಡೆ ಗಡಿಯಾರ ನೋಡಿದ, ಮೂರು ನಿಮಿಷ ಕಳೆದ, ಬರೆದ. ಬರೆದದ್ದನ್ನೇ ಫೋನಿಗೆ ಓದಿ ಹೇಳಿದ:

"ನವಮಿ. ಹನ್ನೆರಡು ಇಪ್ಪತ್ತು. ಮೈನಸ್ ಎಂಬತ್ತು. ಪೂಜಾ ಆಗ್ಯದ. ಮಷಿನ್ ಚಾಲೂ."